ಫ್ರಿಜ್ಜಿನಲ್ಲಿಟ್ಟ ಗೊಂಚಲು

ಚಿಕ್ಕಮ್ಮನಿಗೆ ಆಫೀಸಿನವರು ಇಟ್ಟ ಹೆಸರು ಗೊಂಚಲಮ್ಮ. ಸಸ್ಯಗಳ ಸಂಶೋಧನಾ ಸಂಸ್ಥೆಯಲ್ಲಿ ಅವಳು ಚಿತ್ರಗಾರ್ತಿ. ಬಿಡಿ ಹೂ, ಎಲೆ, ಕಾಯಿ ಬರೆಯುವವರು ಅಲ್ಲಿ ಬೇರೆ ಇದ್ದರು. ತೊಟ್ಟಿಗೆ ತೊಟ್ಟು ಹೆಣೆದುಕೊಂಡು, ಯಾವುದು ಯಾವುದರ ಹಿಂದಿದೆ ಎಂದು ನೋಡಿದವರ ತಲೆ ಕೆಡಿಸುವಂಥ ಗೊಂಚಲು ಬಂದರೆ ಮಾತ್ರ ಎಲ್ಲರೂ ನಯವಾಗಿ ಜಾರಿಕೊಳ್ಳುತ್ತಿದ್ದರು. ಅದು ಅವಳ ಮೇಜಿಗೆ ಬರುತ್ತಿತ್ತು. ಅವಳಿಗೂ ಅದೇ ಬೇಕಿತ್ತು. "ಮದುವೆ ಬೇಡ ಅಂದವಳು ಈ ಸೊಪ್ಪುಸದೆಗೆ ಕೊರಳು ಕೊಟ್ಟು ಕೂತಿದಾಳೆ," ಎಂದು ನನ್ನ ಅಮ್ಮ ಬೈಯುತ್ತಿದ್ದಳು.

ಮನೆಯಲ್ಲಿ ನಾವು ಮೂವರೇ: ಅಮ್ಮ, ಅಮ್ಮನ ತಂಗಿಯಾದ ಚಿಕ್ಕಮ್ಮ, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ನಾನು. ಅಮ್ಮನಿಗೆ ಹುಡುಗಿಯಾಗಿದ್ದಾಗಿನಿಂದಲೂ ಸಕ್ಕರೆ ಕಾಯಿಲೆ. ಹೊತ್ತು ಹೊತ್ತಿಗೆ ಇನ್ಸುಲಿನ್ ಚುಚ್ಚಿಕೊಂಡರೆ ಅವಳುಂಟು, ಇಲ್ಲದಿದ್ದರೆ ಇಲ್ಲ. ಇದು ನಮಗೆ ಬಾಗಿಲಿಗೆ ಚಿಲಕ ಹಾಕುವಷ್ಟು ಮಾಮೂಲಿಯಾಗಿ ಹೋಗಿತ್ತು. ಔಷಧಿಯ ಪುಟ್ಟ ಸೀಸೆಗಳು ಫ್ರಿಜ್ಜಿನ ಬಾಗಿಲಿನ ಗೂಡಿನಲ್ಲಿ ಇರುತ್ತಿದ್ದವು.

ಚಿಕ್ಕಮ್ಮ ಬರೆಯುವುದನ್ನು ನೋಡಬೇಕು. ಮೊದಲು ಅವಳು ಹೂವಿನ ಗೋಜಿಗೇ ಹೋಗುವುದಿಲ್ಲ. ನಡುದಂಟು, ಅದರ ಕವಲು, ಕವಲಿನ ಕವಲು, ಬರೀ ಎಲುಬುಗೂಡು. ಅದರ ಸುತ್ತ ಗೊಂಚಲಿನ ಒಟ್ಟು ಆಕಾರಕ್ಕೆ ಒಂದು ತೆಳ್ಳನೆಯ ಗೆರೆ. ಆಮೇಲೆ ಎದುರಿಗಿರುವ ಹೂ, ಪಕ್ಕಕ್ಕೆ ತಿರುಗಿದ ಹೂ, ಬೆನ್ನು ಹಾಕಿದ ಹೂ. ಹಿಂದೆ ಅಡಗಿ ಕಾಣದೇ ಇರುವ ಹೂಗಳನ್ನೂ ತೇಲಿಸಿ ಬರೆದು ಮತ್ತೆ ಅಳಿಸುತ್ತಿದ್ದಳು.

"ಕಾಣಿಸದೇ ಇರೋದನ್ನ ಯಾಕೆ ಬರೀತೀಯ, ಮಾಡೋಕೆ ಬೇರೆ ಕೆಲಸ ಇಲ್ವಾ?" ಎಂದು ನಾನು ಕೆಣಕುತ್ತಿದ್ದೆ.

"ಹಿಂದಿರೋದಕ್ಕೆ ಜಾಗ ಬಿಡದೇ ಹೋದ್ರೆ ಮುಂದಿರೋದು ಸುಳ್ಳಾಗತ್ತೆ ಕಣೋ."

ಒಂದು ಹೂವನ್ನು ಚೆನ್ನಾಗಿ ಬರೆದು, ಅದನ್ನೇ ಆಚೆ ಈಚೆ ತಿರುಗಿಸಿ ತುಂಬಿಸುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಅದು ಗೊಂಚಲಲ್ಲ, ಕಿಟಕಿ ಪರದೆ ಎಂದು ಮೂಗು ಮುರಿಯುತ್ತಿದ್ದಳು. ಕಂಡದ್ದನ್ನು ಕಂಡ ಹಾಗೆ ಬರೆಯಬೇಕು, ನಡುವೆ ತನ್ನ ಬುದ್ಧಿವಂತಿಕೆ ತೂರಿಸಬಾರದು ಎನ್ನುವುದು ಅವಳ ಹಟ.

ಆ ಬೇಸಿಗೆಯಲ್ಲಿ ಸಂಸ್ಥೆಯ ವಿಜ್ಞಾನಿಯೊಬ್ಬರು ಬೆಟ್ಟದ ಮೇಲಿನಿಂದ ಒಂದು ಟೊಂಗೆ ಕಡಿದು ತಂದರು. ಅದುವರೆಗೆ ಯಾರೂ ದಾಖಲಿಸದ ಮರವಂತೆ. ಹೂ ಬಿಡುವುದೇ ಅಪರೂಪ, ಬಿಟ್ಟ ಹೂವೂ ಗಾಳಿಗೆ ಉದುರಿ ಹೋಗಿ ಇದೊಂದು ಗೊಂಚಲು ಉಳಿದಿತ್ತು. ಲೋಕ ಆ ಮರವನ್ನು ಮೊದಲು ನೋಡುವುದು ಚಿಕ್ಕಮ್ಮನ ಚಿತ್ರದಲ್ಲೇ. ತಳದ ಹೂಗಳು ಅರಳಿದ್ದವು, ನಡುವಿನವು ಬಾಯಿ ಬಿಡುತ್ತಿದ್ದವು, ತುದಿಯಲ್ಲಿ ಬಿಗಿದ ಮೊಗ್ಗು. ಆ ಸೆಕೆಗೆ ಬಿಟ್ಟರೆ ಒಂದೇ ದಿನದಲ್ಲಿ ಎಲ್ಲವೂ ಅರಳಿ, ಉದುರಿ, ಕಥೆ ಮುಗಿಯುತ್ತಿತ್ತು. ಆಫೀಸಿನ ಫ್ರಿಜ್ ಕೆಟ್ಟು ಕೂತಿದ್ದರಿಂದ ಅವಳು ಗೊಂಚಲನ್ನು ಎದೆಗೊತ್ತಿಕೊಂಡು ಮನೆಗೆ ಬಂದಳು.

ನಮ್ಮದು ಸಣ್ಣ ಫ್ರಿಜ್. ಹೂವಿನ ಜಾಡಿ ಇಟ್ಟರೆ ಬಾಗಿಲಿನ ಗೂಡು ಒತ್ತುತ್ತಿತ್ತು. ಅವಳು ಗೂಡನ್ನೇ ಖಾಲಿ ಮಾಡಿದಳು. ಅಮ್ಮನ ಔಷಧಿಯನ್ನು, ಅದೇ ವಾರ ಅಂಗಡಿಯಿಂದ ತಂದ ಹೊಸ ಸೀಸೆಗಳ ಸಮೇತ, ಒಳಗೆ ಹಿಂಬದಿಗೆ ತಳ್ಳಿದಳು. ತಂಪು ಹೆಚ್ಚಿಸುವ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದಳು.

"ಹಾಲು ನಿನ್ನ ತಲೆ ಮೇಲಿಡ್ಲೇನೇ?" ಎಂದು ಅಮ್ಮ ರೇಗಿದಳು.

"ಸ್ವಲ್ಪ ದಿನ ಅಕ್ಕಾ, ನಿನ್ನ ದಮ್ಮಯ್ಯ."

ಮರುದಿನ ಅಮ್ಮ ಸೀಸೆಯನ್ನು ಅಂಗೈಯಲ್ಲಿ ಉಜ್ಜುತ್ತ, "ಯಾಕೇ ಇದು ಇಷ್ಟು ತಣ್ಣಗಿದೆ?" ಎಂದು ಕೇಳಿದಳು. "ಸೆಕೆ ಅಲ್ವಾ, ಒಳ್ಳೇದೇ ಆಯ್ತು," ಎಂದಳು ಚಿಕ್ಕಮ್ಮ, ಕಾಗದದಿಂದ ಕಣ್ಣೆತ್ತದೆ. ನಾನೂ ಅಲ್ಲೇ ಕೂತು ಬೂಟಿನ ದಾರ ಕಟ್ಟುತ್ತಿದ್ದೆ.

ಆ ವಾರ ಚಿಕ್ಕಮ್ಮ ನಮ್ಮ ಜೊತೆಗಿದ್ದೂ ಇರಲಿಲ್ಲ. ಗೊಂಚಲನ್ನು ಸ್ವಲ್ಪ ಹೊತ್ತು ಹೊರಗಿಟ್ಟು ಬರೆಯುವಳು, ಮತ್ತೆ ಒಳಗಿಡುವಳು. ಕೆಲವು ಹೂಗಳ ಎಸಳಿನ ಅಂಚು ಎಣ್ಣೆ ಬಿದ್ದ ಕಾಗದದ ಹಾಗೆ ಆಚೆಗಿದ್ದದ್ದು ಕಾಣುವಷ್ಟು ತೆಳುವಾಗಿತ್ತು. "ನೋಡೋ, ಎಂಥ ವಿಚಿತ್ರ ಹೂವು," ಎಂದು ಭೂತಗನ್ನಡಿ ಕೊಟ್ಟು ನನಗೂ ತೋರಿಸಿದಳು. ಆ ಅಂಚನ್ನು ಬರೆಯಲು ಬಣ್ಣಕ್ಕೆ ನೀರು ಬೆರೆಸಿ ಬೆರೆಸಿ ಒಂದಿಡೀ ದಿನ ಕಳೆದಳು.

ಅಮ್ಮ ಕೊಡಗಟ್ಟಲೆ ನೀರು ಕುಡಿಯತೊಡಗಿದ್ದಳು. ಸುಸ್ತು ಎನ್ನುತ್ತಿದ್ದಳು. ಬೇಸಿಗೆಯಲ್ಲಿ ಯಾರಿಗೆ ಸುಸ್ತಿಲ್ಲ ಎಂದು ನಾನೆಂದೆ. ಔಷಧಿ ತಪ್ಪಿಸಿರಲಿಲ್ಲವಲ್ಲ, ಹೆದರಿಕೆ ಯಾಕೆ? ಒಂದು ಮಧ್ಯಾಹ್ನ ವಾಂತಿ ಶುರುವಾಯಿತು. "ಆಸ್ಪತ್ರೆಗೆ ಹೋಗೋಣ ಏಳು," ಎಂದರೆ, "ಪುಟ್ಟಿ ಅದನ್ನ ಮುಗಿಸ್ಲಿ ತಡಿ, ಹೂವು ಕಾಯಲ್ಲ," ಎಂದಳು. ಪುಟ್ಟಿ ಎಂದರೆ ಚಿಕ್ಕಮ್ಮ. ಆ ಮಾತು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಹೊತ್ತುಕೊಂಡು ಹೋದೆವು. ಅಷ್ಟರಲ್ಲಿ ಅವಳ ಉಸಿರು ಬೇರೆಯೇ ಆಗಿತ್ತು.

"ಇನ್ಸುಲಿನ್ ಕೆಲಸನೇ ಮಾಡಿಲ್ಲ," ಎಂದರು ಡಾಕ್ಟರು. "ಬಿಸಿಲಲ್ಲಿ ಇಟ್ಟಿದ್ರಾ? ಹೆಪ್ಪುಗಟ್ಟಿತ್ತಾ?"

"ಇಲ್ಲ ಸಾರ್, ಫ್ರಿಜ್ಜಲ್ಲೇ ಇತ್ತು," ಎಂದೆ. ಚಿಕ್ಕಮ್ಮನೂ ಹೌದೆಂದು ತಲೆಯಾಡಿಸಿದಳು.

ಅಮ್ಮ ಮತ್ತೆ ಕಣ್ಣು ಬಿಡಲಿಲ್ಲ.

ಎಲ್ಲ ಮುಗಿಸಿ ಬಂದ ಮಾರನೆಯ ದಿನ ನಾನು ಔಷಧಿ ಅಂಗಡಿಗೆ ನುಗ್ಗಿದೆ. ಔಷಧಿ ತಂದದ್ದು ಅಲ್ಲಿಂದಲೇ, ಇನ್ನಾರ ತಪ್ಪು? ಗಿರಾಕಿಗಳ ಎದುರಿಗೇ ಅಂಗಡಿಯವನ ಕೊರಳಪಟ್ಟಿ ಹಿಡಿದು, "ಕೊಳೆತ ಔಷಧಿ ಮಾರಿ ನಮ್ಮಮ್ಮನ್ನ ತಿಂದ್ಯಲ್ಲೋ," ಎಂದು ಕೂಗಾಡಿದೆ. ಅವನು ನಡುಗುತ್ತ, "ನಂದೇನೂ ತಪ್ಪಿಲ್ಲ ಅಣ್ಣಾ," ಎನ್ನುತ್ತಲೇ ಇದ್ದ. ಬೀದಿಗೆಲ್ಲ ಸುದ್ದಿ ಹಬ್ಬಿತು. ಜನ ಅವನ ಅಂಗಡಿಗೆ ಹೋಗುವುದನ್ನೇ ಬಿಟ್ಟರು. ನನಗೆ ಅಷ್ಟರಮಟ್ಟಿಗೆ ಸಮಾಧಾನವಾಗಿತ್ತು.

ಕೆಲವು ದಿನ ಕಳೆದು ವಿಜ್ಞಾನಿ ನಮ್ಮನ್ನು ಮಾತಾಡಿಸಲು ಮನೆಗೆ ಬಂದರು. ಚಿಕ್ಕಮ್ಮ ಮುಗಿಸಿ ಕೊಟ್ಟಿದ್ದ ಚಿತ್ರವನ್ನೂ ತಂದಿದ್ದರು. ಸಾವಿನ ಮನೆಯಲ್ಲಿ ಹೇಗೆ ಮಾತು ತೆಗೆಯುವುದೆಂದು ತಿಳಿಯದೆ ಒದ್ದಾಡಿ, ಕೊನೆಗೆ ಹಾಳೆಯನ್ನು ಬಿಚ್ಚಿದರು.

"ಇಂಥ ಚಿತ್ರ ನಾನು ನೋಡೇ ಇಲ್ಲ ಮೇಡಂ. ಒಂದೇ ಒಂದು ತಿದ್ದುಪಡಿ, ಅವಸರ ಏನಿಲ್ಲ. ಇಲ್ಲಿ ಎಸಳಿನ ಅಂಚು ಗಾಜಿನ ಹಾಗಿದೆ ನೋಡಿ, ಇದು ಹೂವಿನ ಗುಣ ಅಲ್ಲ. ಒಳಗಿನ ನೀರು ಹೆಪ್ಪುಗಟ್ಟಿ ಕರಗಿದ್ರೆ ಹೀಗಾಗತ್ತೆ. ಫ್ರಿಜ್ಜಲ್ಲಿ ತಂಪು ಜಾಸ್ತಿ ಆಗಿತ್ತೇನೋ."

ಚಿಕ್ಕಮ್ಮ ಚಿತ್ರವನ್ನೇ ನೋಡುತ್ತಿದ್ದಳು. ನಾನು ಅವಳನ್ನು ನೋಡುತ್ತಿದ್ದೆ. ನೀರಾದರೂ ಕುಡಿಯಿರಿ ಎಂದು ಇಬ್ಬರಲ್ಲಿ ಒಬ್ಬರೂ ಹೇಳಲಿಲ್ಲ. ಪಾಪ, ಅವರು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

"ಹೆಪ್ಪುಗಟ್ಟಿತ್ತಾ ಅಂತ ಡಾಕ್ಟರು ಕೇಳಿದ್ರಲ್ಲ," ಎಂದಳು ಚಿಕ್ಕಮ್ಮ.

"ಕೇಳಿದ್ರು."

"ಹೂವಿನ ಅಂಚು ನೋಡ್ದೆ. ಅದರ ಪಕ್ಕದಲ್ಲೇ ಅಕ್ಕನ ಸೀಸೆ ಇತ್ತು. ಅದನ್ನ ನೋಡ್ಲಿಲ್ಲ." ಅವಳ ಸ್ವರ ಏರಲಿಲ್ಲ, ಇಳಿಯಲಿಲ್ಲ. "ಪಾಪ, ಆ ಅಂಗಡಿಯವನಿಗೆ ಹೋಗಿ ಹೇಳ್ಬೇಕು. ತಪ್ಪು ನಮ್ಮದು ಅಂತ."

"ನಮ್ಮದಲ್ಲ. ನಿನ್ನದು."

"ಹೌದು. ನನ್ನದು."

ಬಾಗಿಲಿಗೆ ಬೀಗ ಹಾಕುವುದನ್ನೂ ಮರೆತು ಅವಳು ಬೀದಿಗಿಳಿದಳು. ನಾನು ಹಿಂದೆ ಹೋದೆ. ನನ್ನ ಮುಖ ಕಂಡೊಡನೆ ಅಂಗಡಿಯವನು ಒಳಕ್ಕೆ ಸರಿದ. ಚಿಕ್ಕಮ್ಮ ಕಟ್ಟೆಯ ಮೇಲೆ ಕೈಯೂರಿ, ಗುಂಡಿ ತಿರುಗಿಸಿದ್ದನ್ನು, ಸೀಸೆ ಸರಿಸಿದ್ದನ್ನು, ಒಂದೂ ಬಿಡದೆ ಹೇಳಿದಳು. ಅವನು ಮೆಲ್ಲಗೆ ಕಟ್ಟೆಯ ಹತ್ತಿರ ಬಂದ.

"ಕರಗಿದ ಮೇಲೆ ನೋಡೋಕೆ ಮೊದಲಿನ ಹಾಗೇ ಇರತ್ತೆ ಅಮ್ಮಾ. ಸತ್ವ ಹೋಗಿರತ್ತೆ. ಡಬ್ಬಿ ಮೇಲೇ ಬರೆದಿರ್ತಾರೆ."

"ಒಂದು ಡಬ್ಬಿ ತೋರ್ಸಪ್ಪ."

ಅವನು ತಂದುಕೊಟ್ಟ. ಅವಳು ಅದನ್ನು ತಿರುಗಿಸಿ, ಬೆಳಕಿಗೆ ಹಿಡಿದು, ಇರುವೆ ಕಾಲಿನಷ್ಟಿದ್ದ ಆ ಅಕ್ಷರಗಳನ್ನು ಓದಿದಳು. "ಹೆಪ್ಪುಗಟ್ಟಲು ಬಿಡಬಾರದು." ಗಟ್ಟಿಯಾಗಿ, ಮಗ್ಗಿ ಒಪ್ಪಿಸುವ ಹಾಗೆ. ಡಬ್ಬಿಯನ್ನು ಮರಳಿ ಕೊಟ್ಟು, ನನ್ನ ಕಡೆ ಕೈ ತೋರಿಸಿ, "ಇವನ ಮೇಲೆ ಕೋಪ ಇಟ್ಕೋಬೇಡಿ. ತಾಯಿ ಕಳ್ಕೊಂಡಿದಾನೆ," ಎಂದಳು.

ತನ್ನ ಅಕ್ಕ ಹೋದಳು ಎನ್ನಲಿಲ್ಲ. ನಾನು ಅಲ್ಲೇ, ಬೀದಿಯಲ್ಲಿ ಹೋಗಿಬರುವವರ ಎದುರಿಗೆ, ಮೊದಲ ಸಲ ಅತ್ತೆ. ಅಮ್ಮನಿಗಾಗಿ ಅತ್ತೆನೋ, ಇವಳ ಮೇಲಿನ ಸಿಟ್ಟಿಗೆ ಅತ್ತೆನೋ, ನನಗೇ ಗೊತ್ತಿಲ್ಲ.

ವಾಪಸ್ ಬರುವಾಗ ರಸ್ತೆ ದಾಟಬೇಕಿತ್ತು. ಚಿಕ್ಕಮ್ಮನಿಗೆ ಗಾಡಿಗಳೆಂದರೆ ದಿಗಿಲು, ಯಾವಾಗಲೂ ಅಮ್ಮನ ತೋಳು ಹಿಡಿದೇ ದಾಟುತ್ತಿದ್ದಳು. ನನ್ನ ತೋಳಿಗೆ ಕೈ ಚಾಚಿದಳು. ನಾನು ಕೊಡವಿದೆ. ಅವಳು ರಸ್ತೆಯ ಅಂಚಿನಲ್ಲಿ ನಿಂತೇ ಇದ್ದಳು, ಬಸ್ಸುಗಳು ಹೋಗುತ್ತಲೇ ಇದ್ದವು. ನಾನು ದಾಟಿ ಹೋದೆ. ಆಚೆ ಬದಿಯಿಂದ ತಿರುಗಿ ನೋಡಿದರೆ ಅವಳು ಇನ್ನೂ ಅಲ್ಲೇ ಇದ್ದಳು, ನನ್ನನ್ನು ಕರೆಯಲೂ ಇಲ್ಲ. ಬೈದುಕೊಳ್ಳುತ್ತಲೇ ವಾಪಸ್ ಹೋಗಿ ಅವಳ ರಟ್ಟೆ ಹಿಡಿದು ಎಳೆದುಕೊಂಡು ಬಂದೆ.