ಒಂದೂ ಗೋಲು ಹೊಡೆಯದ ನಮ್ಮ ಐಸ್ ಹಾಕಿ ತಂಡ

ಕುವೈತಿನಲ್ಲಿ ಕರಾವಳಿಯವರದ್ದೊಂದು ಐಸ್ ಹಾಕಿ ತಂಡವಿತ್ತು ಎಂದರೆ ಊರಿನಲ್ಲಿ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ನಾನು ಆ ತಂಡದ ಪ್ರಧಾನ ಕಾರ್ಯದರ್ಶಿಯಾಗಿದ್ದೆ, ಜೊತೆಗೆ ಆಡುತ್ತಲೂ ಇದ್ದೆ. ಆಡುತ್ತಿದ್ದೆ ಎನ್ನುವುದು ಸ್ವಲ್ಪ ದೊಡ್ಡ ಮಾತಾಯಿತು. ರಿಗ್ಗೈಯ ನಮ್ಮ ಫ್ಲ್ಯಾಟಿನಲ್ಲಿ ಈ ವಿಷಯ ಎತ್ತಿದರೆ ನನ್ನ ಮಗಳು ಈಗಲೂ, "ಪಪ್ಪಾ, ದಟ್ ವಾಸ್ ನಾಟ್ ಪ್ಲೇಯಿಂಗ್, ದಟ್ ವಾಸ್ ಫಾಲಿಂಗ್" ಎನ್ನುತ್ತಾಳೆ.

ತಂಡ ಹುಟ್ಟಿದ್ದು ಸೆಖೆಯಿಂದ. ನಮ್ಮ ಸಂಘದಲ್ಲಿ ಕಬಡ್ಡಿ, ತ್ರೋಬಾಲ್, ಹಗ್ಗಜಗ್ಗಾಟ ಎಲ್ಲ ಇತ್ತು. ಆದರೆ ಆಗಸ್ಟ್ ತಿಂಗಳಲ್ಲಿ ಕುವೈತಿನ ಬಯಲಿನಲ್ಲಿ ಕಬಡ್ಡಿ ಆಡುವುದೆಂದರೆ ಕಾದ ಕಾವಲಿಯ ಮೇಲೆ ಬರಿಗಾಲಲ್ಲಿ ನಿಂತ ಹಾಗೆ. ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಯಾರೋ, ಈ ಊರಲ್ಲಿ ತಂಪಾಗಿರುವ ಆಟ ಯಾವುದಾದರೂ ಉಂಟಾ ಎಂದು ಕೇಳಿದರು. ಐಸ್ ರಿಂಕ್ ಇದೆ, ಅಲ್ಲಿ ಹಾಕಿ ಲೀಗ್ ನಡೆಯುತ್ತದೆ, ಅದರ ಕೆಳಗಿನ ದರ್ಜೆಯಲ್ಲಿ ಯಾರನ್ನು ಬೇಕಾದರೂ ಸೇರಿಸಿಕೊಳ್ಳುತ್ತಾರೆ ಎಂದು ಇನ್ನೊಬ್ಬರು ಹೇಳಿದರು. ಠರಾವು ಸರ್ವಾನುಮತದಿಂದ ಪಾಸಾಯಿತು. ಸ್ಕೇಟಿಂಗ್ ಯಾರಿಗೆ ಬರುತ್ತದೆ ಎಂದು ಆ ಸಭೆಯಲ್ಲಿ ಒಬ್ಬನೂ ಕೇಳಲಿಲ್ಲ.

ಆಟಗಾರರು ಸಿಗುವ ಮೊದಲೇ ಪದಾಧಿಕಾರಿಗಳು ಸಿಕ್ಕಿದರು. ಅಧ್ಯಕ್ಷರು, ಇಬ್ಬರು ಉಪಾಧ್ಯಕ್ಷರು, ಕೋಶಾಧಿಕಾರಿ, ಸಂಘಟನಾ ಕಾರ್ಯದರ್ಶಿ, ಮೇಲೆ ಗೌರವ ಸಲಹೆಗಾರರ ಒಂದು ದಂಡು. ಪಂದ್ಯದ ದಿನ ಐಸಿನ ಮೇಲೆ ಇರುವವರಿಗಿಂತ ಬದಿಯ ಬೆಂಚಿನಲ್ಲಿ ಕೋಟು ಹಾಕಿ ಕೂತವರೇ ಹೆಚ್ಚು. ನಮ್ಮ ಅಧ್ಯಕ್ಷರು ಇನ್ಶೂರೆನ್ಸ್ ಕಂಪೆನಿಯಲ್ಲಿ ಮ್ಯಾನೇಜರ್. ಕಾಲಿಗೆ ಸ್ಕೇಟ್ ಕಟ್ಟಿದವರೇ ಅಲ್ಲ, ಆದರೆ ಎದುರು ತಂಡ ಗೋಲು ಹೊಡೆದಾಗಲೆಲ್ಲ ಎದ್ದು ನಿಂತು ನಮ್ಮ ಕಡೆ ನೋಡಿ ನಿಟ್ಟುಸಿರು ಬಿಡುತ್ತಿದ್ದರು. ಬಹಳ ಸಲ ಏಳಬೇಕಾಗುತ್ತಿತ್ತು, ಪಾಪ.

ಮೊದಲ ಪಂದ್ಯದಲ್ಲಿಯೇ ನಾವು ಲೀಗಿನಲ್ಲಿ ಹೆಸರು ಮಾಡಿದೆವು. ಶುಭಾರಂಭಕ್ಕೆಂದು ಉಪಾಧ್ಯಕ್ಷರೊಬ್ಬರು ಐಸಿನ ನಡುವೆಯೇ ತೆಂಗಿನಕಾಯಿ ಒಡೆದರು. ಕಾಯಿ ಒಡೆಯಿತು, ಐಸೂ ಒಡೆಯಿತು. ಕಾಯಿನೀರು ಆ ಬಿರುಕಿನಲ್ಲಿ ಹೆಪ್ಪುಗಟ್ಟಿತು. ರಿಂಕಿನ ಮ್ಯಾನೇಜರ್ ಈಜಿಪ್ಟಿನವನು. ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಓಡಿ ಬಂದು, "ಖಲಾಸ್, ಖಲಾಸ್, ಎಲ್ಲರೂ ಹೊರಗೆ" ಎಂದು ಅರಬಿಯಲ್ಲಿ ಕೂಗಿದ. ಐಸ್ ಸಮ ಮಾಡುವ ಯಂತ್ರ ಬಂದು ತಿರುಗಿ ಹೋಗುವವರೆಗೆ ನಾವು ಕಾಯಿಚೂರು ತಿನ್ನುತ್ತಾ ನಿಂತಿದ್ದೆವು, ಎದುರು ತಂಡದವರಿಗೂ ಕೊಟ್ಟೆವು. ಅಂದಿನಿಂದ ಕಾಯಿ ಒಡೆಯುವುದು ಹೊರಗೆ ಕಾರ್ ಪಾರ್ಕಿನಲ್ಲಿ. ನಾನು ಕ್ರಿಶ್ಚಿಯನ್, ಕಾಯಿ ಒಡೆಯುವಾಗ ಬದಿಯಲ್ಲಿ ನಿಂತು ಶಿಲುಬೆಯ ಗುರುತು ಮಾಡುತ್ತಿದ್ದೆ. ಎರಡೂ ಕಡೆಯಿಂದ ಪ್ರಯತ್ನಿಸಿದ್ದೇವೆ, ನಮ್ಮ ಮೇಲೆ ತಪ್ಪು ಹೊರಿಸುವ ಹಾಗಿಲ್ಲ.

ಇನ್ನು ನಮ್ಮ ಗೋಲಿ, ಅಂದರೆ ಗೋಲ್‌ಕೀಪರ್. ಅವರು ಕಾರ್ಕಳದ ಕಡೆಯವರು, ಖೈತಾನಿನ ಹೋಟೆಲೊಂದರಲ್ಲಿ ಅಡುಗೆ ಭಟ್ಟರು, ನಮಗೆಲ್ಲರಿಗಿಂತ ಹಿರಿಯರು. ಎಲ್ಲರಿಗೂ ಅವರು ಅಣ್ಣ. ಅವರದು ತುಳು, ನನ್ನದು ಕೊಂಕಣಿ, ಹಾಗಾಗಿ ನಮ್ಮಿಬ್ಬರ ಮಾತುಕತೆ ಕನ್ನಡದಲ್ಲಿ. ಇಡೀ ದಿನ ಒಲೆಯ ಮುಂದೆ ಬೇಯುವ ಮನುಷ್ಯ, ವಾರಕ್ಕೊಮ್ಮೆ ಐಸಿನ ಮೇಲೆ ಸುಮ್ಮನೆ ನಿಲ್ಲಲು ಬಿಟ್ಟರೆ ಬೇರೇನೂ ಬೇಡ ಎಂದು ಬಂದವರು. ಗಾತ್ರದಲ್ಲಿ ಗೋಲಿನ ಮುಕ್ಕಾಲು ಭಾಗವನ್ನು ಮುಚ್ಚುತ್ತಿದ್ದರು. ಉಳಿದ ಕಾಲು ಭಾಗದಲ್ಲಿಯೇ ಎಲ್ಲರೂ ಗೋಲು ಹೊಡೆಯುತ್ತಿದ್ದರು. ಆದರೆ ಒಂದು ಮಾತು ಹೇಳಲೇಬೇಕು. ಚೆಂಡಿನ ಬದಲಿಗೆ ಆಡುವ ಆ ಕಪ್ಪು ರಬ್ಬರಿನ ಬಿಲ್ಲೆ ಎಷ್ಟೇ ಜೋರಾಗಿ ಬರಲಿ, ಅಣ್ಣ ಹೆದರಿ ಬದಿಗೆ ಸರಿದದ್ದನ್ನು ನಾನು ನೋಡಿಲ್ಲ. ಮೈಗೆ ಬಡಿಸಿಕೊಳ್ಳುತ್ತಿದ್ದರು, ಬೀಳುತ್ತಿದ್ದರು, ಎಬ್ಬಿಸಲು ನಮ್ಮಲ್ಲಿ ಇಬ್ಬರು ಬೇಕಾಗುತ್ತಿತ್ತು, ಮತ್ತೆ ಅಲ್ಲೇ ನಿಲ್ಲುತ್ತಿದ್ದರು.

ವರ್ಷಗಳು ಹೋದವು. ನಾವು ಒಂದು ಪಂದ್ಯವನ್ನೂ ಗೆಲ್ಲಲಿಲ್ಲ, ಅದು ಹಾಳಾಗಲಿ, ಒಂದು ಗೋಲನ್ನೂ ಹೊಡೆಯಲಿಲ್ಲ. ಒಮ್ಮೆ ನಮ್ಮವನೊಬ್ಬ ಬಿದ್ದ ರಭಸಕ್ಕೆ ಬಿಲ್ಲೆ ಎದುರಿನ ಬಲೆಯೊಳಗೆ ಹೋಯಿತು. ಅದೇ ರಭಸಕ್ಕೆ ಅವನೂ ಹೋಗಿ ಗುದ್ದಿ ಗೋಲಿನ ಕಂಬವನ್ನೇ ಜಾಗದಿಂದ ಕಿತ್ತಿದ್ದ. ಲೆಕ್ಕಕ್ಕೆ ಬರುವುದಿಲ್ಲ ಎಂದ ರೆಫರಿ. ಗೌರವ ಸಲಹೆಗಾರರು ಖಂಡನಾ ನಿರ್ಣಯ ಮಂಡಿಸಿದರು.

ಹೀಗಿರುವಾಗ ಅಣ್ಣನ ಕಫೀಲ್, ಅಂದರೆ ಅವರ ವೀಸಾ ಯಾರ ಹೆಸರಿನಲ್ಲಿತ್ತೋ ಆ ಕುವೈತಿ, ನಿನಗೆ ವಯಸ್ಸಾಯಿತು, ಇನ್ನು ವಾಸದ ಪರವಾನಗಿ ಇಕಾಮಾ ಮಾಡಿಸುವುದಿಲ್ಲ ಎಂದುಬಿಟ್ಟ. ಅಣ್ಣ ಊರಿಗೆ ಹೋಗುವುದು ಖಚಿತವಾಯಿತು, ಮತ್ತೆ ಬರುವ ಹಾಗಿಲ್ಲ. ಸುದ್ದಿ ಹೇಳಲು ಅವರೇ ನನಗೆ ಫೋನು ಮಾಡಿದರು.

"ಬೇಜಾರಾ ಅಣ್ಣ?" ಎಂದೆ.

"ಊರಿಗೆ ಹೋಗ್ಲಿಕ್ಕೆ ಎಂತ ಬೇಜಾರು ಮಾರಾಯ. ಒಂದೇ ಆಸೆ ಉಂಟು. ಇಷ್ಟು ವರ್ಷ ನಾನು ಗೋಲು ಬರುವುದನ್ನೇ ನೋಡಿದ್ದು. ನಮ್ಮ ಕಡೆಯಿಂದ ಒಂದು ಹೋಗುವುದನ್ನು ನೋಡ್ಬೇಕು. ಒಂದು ಸಾಕು."

ಅವರು ಇಷ್ಟು ವರ್ಷದಲ್ಲಿ ಕೇಳಿದ್ದು ಅದೊಂದೇ. ಅಧ್ಯಕ್ಷರಿಗೆ ಹೇಳಿದೆ. ಅವರು ತಕ್ಷಣ, "ಸನ್ಮಾನ ಮಾಡುವ" ಎಂದರು. ನಮ್ಮವರ ಹತ್ತಿರ ಯಾವ ಸಮಸ್ಯೆ ತೆಗೆದುಕೊಂಡು ಹೋದರೂ ಪರಿಹಾರ ಅದೇ.

"ಸನ್ಮಾನ ಅಲ್ಲ ಸರ್, ಅವರಿಗೆ ಗೋಲು ಬೇಕಂತೆ."

"ಅದೂ ಮಾಡುವ. ಎದುರಿನವರ ಹತ್ತಿರ ನಾನು ಮಾತಾಡ್ತೇನೆ. ನೀವು ಸನ್ಮಾನ ಪತ್ರ ಬರೆಯಿರಿ."

ಹೊಡೆತವೆಲ್ಲ ಒಳಗೆ ಬಿಟ್ಟ ಗೋಲಿಯ ಬಗ್ಗೆ ಸನ್ಮಾನ ಪತ್ರ ಬರೆಯುವ ಕಷ್ಟ ಬರೆದವನಿಗೇ ಗೊತ್ತು. "ಎದುರಾಳಿಗಳನ್ನೂ ಅತಿಥಿಗಳೆಂದೇ ಬಗೆದು ತೆರೆದ ಹೃದಯದಿಂದ ಸ್ವಾಗತಿಸಿದ ತಾವು" ಎಂದು ಶುರು ಮಾಡಿದೆ. ಎಲ್ಲರೂ ಮೆಚ್ಚಿದರು.

ಕೊನೆಯ ಪಂದ್ಯಕ್ಕೆ ರಿಂಕ್ ನಮಗೆ ಸಿಕ್ಕಿದ್ದು ಒಂದೇ ಗಂಟೆ. ಅದರಲ್ಲಿ ಬಹುಪಾಲು ಸಭಾ ಕಾರ್ಯಕ್ರಮವೇ ನುಂಗಿತು. ಐಸಿನ ಮೇಲೆ ಕೆಂಪು ಜಮಖಾನೆ ಹಾಸಿ ಪ್ಲಾಸ್ಟಿಕ್ ಕುರ್ಚಿಗಳನ್ನು ಇಟ್ಟಿದ್ದೆವು. ಮುಖ್ಯ ಅತಿಥಿಗಳ ಕುರ್ಚಿಗೆ ಜಮಖಾನೆ ಸಾಲಲಿಲ್ಲ. ಅಧ್ಯಕ್ಷರು ಪ್ರಸ್ತಾವನೆ ಮಾಡುತ್ತಿದ್ದಂತೆ ಅವರು ಕೂತಲ್ಲಿಂದಲೇ ಮೆಲ್ಲಗೆ ಎಡಕ್ಕೆ ಸರಿಯುತ್ತಾ ಹೋದರು, ಮುಖದ ಮೇಲಿನ ನಗು ಮಾತ್ರ ಹಾಗೇ ಇತ್ತು. ಇಬ್ಬರು ಸ್ವಯಂಸೇವಕರು ತೆವಳಿಕೊಂಡು ಹೋಗಿ ಕುರ್ಚಿಯ ಕಾಲು ಹಿಡಿದುಕೊಂಡು ಕೂತರು. ಅಣ್ಣನಿಗೆ ಶಾಲು ಹೊದೆಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟರು. ಮೈಸೂರು ಪೇಟ ಹೆಲ್ಮೆಟಿನ ಮೇಲೆ ಕೂರಲಿಲ್ಲ, ಸ್ಟಿಕ್ಕಿಗೆ ಸುತ್ತುವ ಟೇಪಿನಿಂದಲೇ ಬಿಗಿದೆವು. ಎದುರು ತಂಡದಲ್ಲಿ ಇಂಟರ್‌ನ್ಯಾಷನಲ್ ಸ್ಕೂಲಿನ ಬಿಳಿ ಮೇಷ್ಟರುಗಳು, ಕೆಲವು ಕುವೈತಿಗಳು. ಇದು ಯಾವುದೋ ಧಾರ್ಮಿಕ ವಿಧಿ ಎಂದು ತಿಳಿದು ಅವರೆಲ್ಲ ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು.

ವಂದನಾರ್ಪಣೆ ಮುಗಿದಾಗ ಆಟಕ್ಕೆ ಉಳಿದದ್ದು ಕೆಲವೇ ನಿಮಿಷ. ಅಧ್ಯಕ್ಷರು ಬೆಂಚಿನಿಂದ ಎದುರಿನವರಿಗೆ ಕಣ್ಣು ಮಿಟುಕಿಸಿದರು. ನಮ್ಮವನೊಬ್ಬ ಬಿಲ್ಲೆಯನ್ನು ತಂದು ಅಣ್ಣನ ಕಾಲ ಬುಡದಲ್ಲಿಟ್ಟ. "ಹೋಗಿ ಅಣ್ಣ, ನೀವೇ ಹೊಡೆಯಿರಿ" ಎಂದೆ ನಾನು. ಗೋಲಿ ನಡುಗೆರೆ ದಾಟುವ ಹಾಗಿಲ್ಲ ಎಂಬ ನಿಯಮವಿದೆ. ರೆಫರಿ ಛಾವಣಿ ನೋಡುತ್ತಾ ನಿಂತ.

ಅಣ್ಣ ಹೊರಟರು. ಪೇಟ, ಹಾರ, ಶಾಲು ಸಮೇತ ಬಿಲ್ಲೆಯನ್ನು ತಳ್ಳಿಕೊಂಡು ಹೋಗುವ ಆ ಆಕೃತಿಗೆ ಎದುರಿನವರು ಒಬ್ಬೊಬ್ಬರಾಗಿ ದಾರಿ ಬಿಟ್ಟರು. ಸೇವಂತಿಗೆಯ ಎಸಳು ಐಸಿನ ಮೇಲೆ ಉದುರುತ್ತಿತ್ತು. ಬೆಂಚಿನಲ್ಲಿದ್ದವರೆಲ್ಲ ಎದ್ದು ನಿಂತರು. ಕೊನೆಗೆ ಎದುರಿನ ಗೋಲಿ, ಬ್ಯಾಂಕಿನಲ್ಲಿ ಕೆಲಸ ಮಾಡುವ ಕುವೈತಿ, ನಗುತ್ತಾ ಬದಿಗೆ ಸರಿದು ಬಾಗಿಲು ತೋರಿಸುವವನ ಹಾಗೆ ಕೈ ಚಾಚಿದ. ಗೋಲು ಪೂರ್ತಿ ಖಾಲಿ.

ಅಣ್ಣ ನಿಂತುಬಿಟ್ಟರು.

"ಭಾಯಿ," ಎಂದರು ಹಿಂದಿಯಲ್ಲಿ, "ವಾಪಸ್ ಜಾವೋ. ಜಾಗಾ ಮತ್ ಛೋಡೋ."

ಹಿಂದೆ ಹೋಗು, ಜಾಗ ಬಿಡಬೇಡ ಎಂದದ್ದು ಅವನಿಗೆ ಅರ್ಥವಾಗಲಿಲ್ಲ. ಅಣ್ಣ ಸ್ಟಿಕ್ಕಿನಿಂದ ಗೋಲಿನ ಬಾಯಿ ತೋರಿಸಿ, "ಯಲ್ಲಾ, ಯಲ್ಲಾ" ಎಂದು ಗದರಿದರು. ಅಡುಗೆಮನೆಯಲ್ಲಿ ಸಹಾಯಕರನ್ನು ಗದರುವ ದನಿ ಅದು. ಅವನು ನಗು ನಿಲ್ಲಿಸಿ ಹೋಗಿ ಗೋಲಿನಲ್ಲಿ ನಿಂತ, ಬಗ್ಗಿದ. ಹಿಂದಿನಿಂದ ಅಧ್ಯಕ್ಷರು, "ಹೊಡೀರಿ ಮಾರಾಯ್ರೆ, ಟೈಮ್ ಇಲ್ಲ" ಎಂದು ಗೋಗರೆಯುತ್ತಿದ್ದರು.

ಅಣ್ಣ ಹೊಡೆದರು. ಸುಳ್ಳು ಹೇಳುವುದಿಲ್ಲ, ನಮ್ಮ ತಂಡದ ಇತಿಹಾಸದಲ್ಲಿ ಅಷ್ಟು ಒಳ್ಳೆಯ ಹೊಡೆತ ಬಿದ್ದದ್ದೇ ಇಲ್ಲ. ಬಿಲ್ಲೆ ನೆಲ ಬಿಟ್ಟು ಎದ್ದು ಬಲಮೂಲೆಗೆ ಹಾರಿತು. ಆ ಕುವೈತಿಗೆ ಬಿಡಬೇಕೆಂದೇ ಇತ್ತು, ಆದರೆ ಕೈ ಕೇಳಲಿಲ್ಲ. ತಾನಾಗಿ ಹೋಗಿ ಹಿಡಿದುಬಿಟ್ಟಿತು. ಹಿಡಿದ ಮೇಲೆ ತನ್ನ ಗ್ಲೌಸನ್ನೇ ನೋಡುತ್ತಾ, "ಸಾರಿ, ಸಾರಿ" ಎಂದ.

ಇಡೀ ರಿಂಕಿನಲ್ಲಿ ಚಪ್ಪಾಳೆ ಹೊಡೆದದ್ದು ಅಣ್ಣ ಒಬ್ಬರೇ. ಆ ದಪ್ಪ ಗ್ಲೌಸುಗಳಲ್ಲಿ ಅದು ಗೋಣಿಚೀಲ ಕೊಡವಿದ ಹಾಗೆ ಕೇಳಿಸಿತು. ನಮ್ಮ ಕಡೆ ತಿರುಗಿ, "ನೋಡಿದ್ರಾ, ಹಾಗೆ ಹಿಡಿಯುವುದು" ಎಂದರು. ಅಷ್ಟರಲ್ಲಿ ಗಂಟೆ ಹೊಡೆಯಿತು. ಈಜಿಪ್ಟಿನ ಮ್ಯಾನೇಜರ್ ಜಮಖಾನೆ ತೆಗೆಯಿರಿ ಎಂದು ಕೂಗತೊಡಗಿದ.

ಅವರನ್ನು ಖೈತಾನಿಗೆ ಬಿಡಲು ನನ್ನ ಕಾರಿನಲ್ಲಿ ಕರೆದುಕೊಂಡು ಹೊರಟೆ. ನನಗೆ ತಲೆ ಕೆಟ್ಟುಹೋಗಿತ್ತು. ಅಧ್ಯಕ್ಷರ ಮೇಲೆ, ಭಾಷಣಗಳ ಮೇಲೆ, ಆ ಬ್ಯಾಂಕಿನವನ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ಅಣ್ಣನ ಮೇಲೆ ಸಿಟ್ಟು. ಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಅವರು ಆರಾಮವಾಗಿ ಕೂತಿದ್ದರು. ಸಿಗ್ನಲ್ಲಿನಲ್ಲಿ ನಿಂತಾಗ ನನಗೆ ತಡೆಯಲಾಗಲಿಲ್ಲ.

"ಬೇಡ ಅಂತ ಇದ್ರೆ ಆಸೆ ಉಂಟು ಅಂತ ಯಾಕೆ ಹೇಳಿದ್ದು ಅಣ್ಣ?"

"ಬೇಡ ಅಂತ ಯಾರು ಹೇಳಿದ್ದು? ಬೇಕಿತ್ತು. ತುಂಬಾ ಬೇಕಿತ್ತು ಮಾರಾಯ." ತೊಡೆಯ ಮೇಲಿನ ಬುಟ್ಟಿ ಸರಿಮಾಡಿಕೊಂಡು ಹೇಳಿದರು, "ಅವನು ಸರಿದು ಕೊಟ್ಟದ್ದಕ್ಕೆ ನಾನು ಹೊಡೆದ್ರೆ, ಇಷ್ಟು ವರ್ಷ ಸರಿಯದೆ ನಾನು ಎಂತಕ್ಕೆ ನಿಂತದ್ದು?"

ಸಿಗ್ನಲ್ ಹಸಿರಾಯಿತು. ನಾನು ಸ್ಟಿಯರಿಂಗ್ ಹಿಡಿದುಕೊಂಡು ಅಳುತ್ತಿದ್ದೆ, ಹಿಂದಿನ ಕಾರಿನವರೆಲ್ಲ ಹಾರ್ನ್ ಹೊಡೆಯುತ್ತಿದ್ದರು.