ಅಲ್ವೀನಾಳ ಮೂರು ಕಾಲಿನ ಪಾತ್ರೆ

ಅಲ್ವೀನಾ ಡ್ರೈಲಿಂಗ್ ಎಂಬವಳ ಅಡುಗೆಮನೆಯಲ್ಲಿ, ಒಲೆಯ ಪಕ್ಕದ ಕಟ್ಟೆಯ ಮೇಲೆ, ಒಂದು ಜಾಗ ಇತ್ತು. ಅಲ್ಲಿ ಸಕ್ಕರೆ ಡಬ್ಬಿಯನ್ನಾಗಲಿ ಒರೆಸುವ ಬಟ್ಟೆಯನ್ನಾಗಲಿ ಇಡಲು ಅವಳು ಯಾರನ್ನೂ ಬಿಡುತ್ತಿರಲಿಲ್ಲ. ಕೆಲವು ವರ್ಷ ಅಲ್ಲಿ ಮೂರು ಕಾಲಿನ ಕಬ್ಬಿಣದ ಪಾತ್ರೆಯೊಂದು ಮುಚ್ಚಳ ಹಾಕಿಕೊಂಡು ಕೂತಿರುತ್ತಿತ್ತು, ಕೆಲವು ವರ್ಷ ಜಾಗ ಖಾಲಿ. ಖಾಲಿ ಇದ್ದ ವರ್ಷ ಮನೆಗೆ ಬಂದವರು ಒಂದು ಸಲ ಅತ್ತ ನೋಡಿ, "ಓ, ಈ ಸಲ ಸೋತ್ವಲ್ಲ" ಎಂದು ಮಾತು ಬೇರೆ ಕಡೆ ತಿರುಗಿಸುತ್ತಿದ್ದರು. ಕ್ಯಾನ್ಸಸ್ಸಿನ ಆ ಬಯಲು ಸೀಮೆಯಲ್ಲಿ, ಮಾರ್ಟಿನ್‌ಡೇಲ್ ಎಂಬ ಆ ಕಾಲೇಜಿನ ಊರಿನಲ್ಲಿ, ಪಾತ್ರೆಯ ಕಥೆ ಗೊತ್ತಿಲ್ಲದವರು ಕಡಿಮೆ.

ಪಾತ್ರೆ ಅವಳ ತವರಿನದು. ಅವಳ ಅಜ್ಜಿಯ ತಾಯಿ ರಷ್ಯಾದ ವೋಲ್ಗಾ ನದಿಯ ದಂಡೆಯಿಂದ ಹಡಗು ಹತ್ತಿದಾಗ ಮಡಿಲಲ್ಲಿ ಒಂದು ಮಗು, ಕಾಲ ಬಳಿ ಈ ಪಾತ್ರೆ. ಜರ್ಮನ್ ಮಾತಾಡುವ ಆ ಜನ ಬಯಲಿಗೆ ಬಂದು ಮೊದಲು ಗೋಧಿ ಬಿತ್ತಿದರು, ಆಮೇಲೆ ಚರ್ಚು ಕಟ್ಟಿದರು, ಮನೆ ಕಟ್ಟಿಕೊಂಡದ್ದು ಕೊನೆಗೆ. ಅಲ್ವೀನಾ ಹುಟ್ಟುವ ಹೊತ್ತಿಗೆ ಹಡಗಿನ ಮಗು ಮುದುಕಿಯಾಗಿ ಸತ್ತಿತ್ತು, ಪಾತ್ರೆ ಮಾತ್ರ ದಿನಾ ಒಲೆ ಹತ್ತುತ್ತಿತ್ತು. ಅಲ್ವೀನಾ ಎಂಟನೇ ಕ್ಲಾಸಿನವರೆಗೆ ಓದಿದಳು. ಕಾಲೇಜಿನ ಊಟದ ಮನೆಯಲ್ಲಿ ಹಿಟ್ಟು ನಾದುವ ಕೆಲಸಕ್ಕೆ ಸೇರಿದಳು. ಧಾನ್ಯದ ಉಗ್ರಾಣದಲ್ಲಿ ಕೆಲಸಕ್ಕಿದ್ದ ಆಂಬ್ರೋಸನನ್ನು ಮದುವೆಯಾದಳು. ಇಬ್ಬರೂ ಸೇರಿ ಫುಟ್‌ಬಾಲ್ ಮೈದಾನದ ಹಿಂದಿನ ಬೀದಿಯಲ್ಲಿ ಒಂದು ಮನೆ ಕೊಂಡರು.

ಆ ಬೀದಿಯವರಿಗೆಲ್ಲ ಆಟದ ಶನಿವಾರ ಅಂದರೆ ಒಂದೇ ಕೆಲಸ. ಅಂಗಳದ ಹುಲ್ಲಿನ ಮೇಲೆ ಹೊರ ಊರಿನವರ ಗಾಡಿ ನಿಲ್ಲಿಸಿಕೊಳ್ಳುವುದು. ಬಂದವರು ಗಾಡಿಯ ಹಿಂಬದಿಯ ಬಾಗಿಲು ತೆಗೆದು ಅಲ್ಲೇ ಮಾಂಸ ಸುಟ್ಟು, ಬಿಯರ್ ಕುಡಿದು, ಆಮೇಲೆ ಆಟಕ್ಕೆ ಹೋಗುತ್ತಿದ್ದರು. ಅಲ್ವೀನಾ ಮೈದಾನದ ಒಳಗೆ ಕಾಲಿಟ್ಟವಳಲ್ಲ. ಅಡುಗೆಮನೆಯ ಕಿಟಕಿ ತೆಗೆದಿಟ್ಟರೆ ಸಾಕು, ಜನರ ಕೂಗು ಯಾವ ಬಗೆಯದು ಎಂಬುದರ ಮೇಲೆಯೇ ಯಾರು ಮುಂದಿದ್ದಾರೆ ಎಂದು ಹೇಳುತ್ತಿದ್ದಳು.

ಹೀಗೆ ಗಾಡಿ ನಿಲ್ಲಿಸಲು ಬಂದವನೇ ವೆಲ್ಡನ್ನಿನ ಡೆಲ್ಬರ್ಟ್. ವೆಲ್ಡನ್ ಅಂದರೆ ನದಿಯಾಚೆಯ ಊರು, ಅಲ್ಲೂ ಒಂದು ಕಾಲೇಜು. ಅವರ ಬಣ್ಣ ಕೆಂಪು, ಮಾರ್ಟಿನ್‌ಡೇಲಿನದು ಹಳದಿ. ಡೆಲ್ಬರ್ಟನಿಗೆ ಅಲ್ಲಿ ಕ್ಷೌರದ ಅಂಗಡಿ. ಕೆಂಪು ಟೋಪಿ, ಕೆಂಪು ಗಾಡಿ, ಪಕ್ಕದಲ್ಲಿ ಹೆಂಡತಿ ನೀಟಾ. ಅಕ್ರೋಟು ಮರದ ಕೆಳಗೆ ಗಾಡಿ ನಿಲ್ಲಿಸಿದ. ಅಂಗಳದ ಮೇಜಿನ ಮೇಲೆ ಆ ಪಾತ್ರೆಯಲ್ಲಿ ಹುರುಳಿಕಾಯಿ ಸೂಪು ಹಬೆಯಾಡುತ್ತಿತ್ತು.

"ಇಂಥ ಪಾತ್ರೆ ನಮ್ಮಜ್ಜಿ ಹತ್ರಾನೂ ಇತ್ತು" ಎಂದ ಡೆಲ್ಬರ್ಟ್.

ಆಂಬ್ರೋಸ್ ಆಗಲೇ ಎರಡು ಬಿಯರ್ ಮುಗಿಸಿದ್ದ. "ಬೇಕೇನಯ್ಯಾ? ಇವತ್ತು ನಿಮ್ಮ ಹುಡುಗ್ರು ಗೆದ್ರೆ ಪಾತ್ರೆ ನಿಂದು, ಎತ್ಕೊಂಡು ಹೋಗು."

"ನೀವು ಗೆದ್ರೆ?"

"ನಿನ್ನ ಕೆಂಪು ಟೋಪಿ ಕೊಡು. ನಮ್ಮ ಕೋಳಿ ಮೊಟ್ಟೆ ಇಡೋಕೆ ಜಾಗ ಹುಡುಕ್ತಾ ಇದೆ."

ವೆಲ್ಡನ್ನಿನವರು ಗೆದ್ದರು. ಡೆಲ್ಬರ್ಟ್ ಅದನ್ನು ತಮಾಷೆ ಅಂದುಕೊಂಡು ಗಾಡಿ ಹತ್ತುತ್ತಿದ್ದ. ಆಂಬ್ರೋಸ್ ಪಾತ್ರೆಯನ್ನು ಎತ್ತಿ ಅವರ ಗಾಡಿಯೊಳಗಿಟ್ಟು ಬಾಗಿಲು ಹಾಕಿಬಿಟ್ಟ. ಒಳಗೆ ಒಲೆಯಿಂದ ರೊಟ್ಟಿ ತೆಗೆಯುತ್ತಿದ್ದ ಅಲ್ವೀನಾ ಹೊರಗೆ ಬರುವಷ್ಟರಲ್ಲಿ ಗಾಡಿ ಬೀದಿಯ ತುದಿಯಲ್ಲಿತ್ತು.

"ಅದೇನು ನಿಮ್ಮಪ್ಪನ ಮನೆ ಪಾತ್ರೆನಾ?"

"ಮಾತು ಕೊಟ್ಟುಬಿಟ್ಟೆ ಕಣೇ."

"ಹಾಗಾದ್ರೆ ಇನ್ಮೇಲೆ ಮಾತನ್ನೇ ತಿನ್ನು."

ಆ ಚಳಿಗಾಲ ಪೂರ್ತಿ ಆಂಬ್ರೋಸನಿಗೆ ಬಿಸಿ ಸೂಪು ಸಿಗಲಿಲ್ಲ. ಮರುವರ್ಷ ಆಟ ವೆಲ್ಡನ್ನಿನಲ್ಲಿ ನಡೆಯಿತು, ಮಾರ್ಟಿನ್‌ಡೇಲ್ ಗೆದ್ದಿತು. ಭಾನುವಾರ ಪೂಜೆ ಮುಗಿಸಿ ಅವಳು ಮನೆಗೆ ಬಂದರೆ ಬಾಗಿಲಲ್ಲಿ ಕೆಂಪು ಗಾಡಿ. ನೀಟಾ ಪಾತ್ರೆಯ ತುಂಬ ಖಾರದ ಕಾಳು-ಮಾಂಸದ ಸಾರು ಮಾಡಿ ತಂದಿದ್ದಳು, ಜೊತೆಗೆ ದಾಲ್ಚಿನ್ನಿ ಹಾಕಿದ ಸಿಹಿ ಬನ್ನು. ಖಾರದ ಸಾರಿಗೆ ಸಿಹಿ ಬನ್ನು ಅದ್ದಿಕೊಂಡು ತಿನ್ನುವುದು ಆ ಕಡೆಯವರ ಪದ್ಧತಿ. ಅಲ್ವೀನಾ ಬಾಗಿಲಲ್ಲೇ ನಿಂತು ಪಾತ್ರೆಯ ತಳ ನೋಡಿದಳು, ಮುಚ್ಚಳ ನೋಡಿದಳು, ಆಮೇಲೆ ಅವರನ್ನು ಒಳಗೆ ಕರೆದಳು.

ಅಲ್ಲಿಂದ ಮುಂದೆ ಅದೇ ಕಟ್ಟಳೆಯಾಯಿತು. ಗೆದ್ದ ಊರಿನವರ ಮನೆಗೆ ಪಾತ್ರೆ. ಯಾರ ಹತ್ತಿರ ಇದೆಯೋ ಅವರು ಮುಂದಿನ ಆಟದ ಶನಿವಾರ ಅದನ್ನು ತುಂಬಿಸಿ ತರಬೇಕು. ಒಂದು ವರ್ಷ ಅಕ್ರೋಟು ಮರದ ಕೆಳಗೆ, ಒಂದು ವರ್ಷ ಡೆಲ್ಬರ್ಟನ ಅಂಗಡಿಯ ಹಿಂದಿನ ಅಂಗಳದಲ್ಲಿ. ನಡುವೆ ಕ್ರಿಸ್ಮಸ್ಸಿಗೆ ಒಂದು ಕಾರ್ಡು ಬಿಟ್ಟರೆ ಈ ಎರಡು ಮನೆಗಳಿಗೆ ಬೇರೆ ವ್ಯವಹಾರವಿರಲಿಲ್ಲ.

ಆಂಬ್ರೋಸ್ ತೀರಿಕೊಂಡಾಗ ಪಾತ್ರೆ ವೆಲ್ಡನ್ನಿನಲ್ಲಿತ್ತು. ಮಣ್ಣು ಮಾಡಿದ ದಿನ ಚರ್ಚಿನ ನೆಲಮಾಳಿಗೆಯಲ್ಲಿ ಊಟಕ್ಕೆ ಎಲ್ಲರೂ ಕೂತಿದ್ದಾಗ ಡೆಲ್ಬರ್ಟ್ ಎರಡೂ ಕೈಯಲ್ಲಿ ಪಾತ್ರೆ ಹಿಡಿದು ಮೆಟ್ಟಿಲಿಳಿದು ಬಂದ. ಹುರುಳಿಕಾಯಿ ಸೂಪು. ನೀಟಾ ಅಲ್ವೀನಾಳ ರೀತಿಯಲ್ಲೇ ಮಾಡಲು ನೋಡಿದ್ದಳು, ಉಪ್ಪು ಸ್ವಲ್ಪ ಹೆಚ್ಚಾಗಿತ್ತು. ಊಟವಾದ ಮೇಲೆ ಪಾತ್ರೆ ತೊಳೆದು ಮತ್ತೆ ಗಾಡಿಯಲ್ಲಿಟ್ಟುಕೊಂಡು ಹೋದ. ಅದನ್ನು ನೋಡಿ ಪಕ್ಕದ ಮನೆಯ ರೊಸೆಲಾ, "ಏನು ಜನಾನೋ! ಇಂಥ ದಿನಾನಾದ್ರೂ ಬಿಟ್ಟು ಹೋಗಬಾರದಾ?" ಎಂದಳು. ಅಲ್ವೀನಾ, "ಬಿಟ್ಟು ಹೋಗಿದ್ರೆ ನಾನು ಅವನ ಮುಖ ನೋಡ್ತಿರಲಿಲ್ಲ" ಎಂದಳು.

ಒಬ್ಬಳೇ ಆದ ಮೇಲೂ ಅಂಗಳದಲ್ಲಿ ಗಾಡಿ ನಿಂತವು. ವರ್ಷಗಳು ಹೋದವು.

ಈ ಕಾಲೇಜುಗಳು ಒಂಟಿಯಾಗಿ ಆಡುವುದಿಲ್ಲ. ಅಕ್ಕಪಕ್ಕದ ಸೀಮೆಯವು ಸೇರಿ ಒಕ್ಕೂಟ ಮಾಡಿಕೊಂಡು, ಒಕ್ಕೂಟದೊಳಗಿನವರ ಜೊತೆ ವರ್ಷವರ್ಷ ಆಡುತ್ತವೆ. ಮಾರ್ಟಿನ್‌ಡೇಲ್, ವೆಲ್ಡನ್ ಎರಡೂ ಅಜ್ಜಂದಿರ ಕಾಲದಿಂದ ಒಂದೇ ಒಕ್ಕೂಟ. ಅದೊಂದು ಬೇಸಿಗೆಯಲ್ಲಿ ರೊಸೆಲಾ ಬೇಲಿಯಾಚೆಯಿಂದ ಕೂಗಿದಳು.

"ಅಲ್ವೀನಾ, ಕೇಳಿದ್ಯಾ? ನಾವು ದೊಡ್ಡೋರಾಗಿಬಿಟ್ವಂತೆ!"

"ಯಾರು, ನೀನಾ?"

"ಕಾಲೇಜು ಕಣೇ. ಹಳೇ ಒಕ್ಕೂಟ ಬಿಟ್ಟು ದೊಡ್ಡದಕ್ಕೆ ಸೇರ್ತಾರಂತೆ. ಇನ್ಮೇಲೆ ಸಮುದ್ರದ ಕಡೆಯೋರ ಜೊತೆ ಆಟ. ಎಲ್ಲಾ ಟೀವಿಲಿ ಬರುತ್ತಂತೆ."

"ವೆಲ್ಡನ್?"

"ವೆಲ್ಡನ್ನ ಯಾರು ಕರೀತಾರೆ? ಅವರ ಮೈದಾನದಲ್ಲಿ ನಮ್ಮ ಬ್ಯಾಂಡಿನೋರು ಕೂರೋಕೂ ಜಾಗ ಇಲ್ಲ."

ಒಕ್ಕೂಟದ ಹೊರಗಿನವರ ಜೊತೆಯೂ ಒಂದೆರಡು ಆಟ ಇಟ್ಟುಕೊಳ್ಳಬಹುದು. ಆದರೆ ಆ ಜಾಗಗಳು ಹೆಸರು ಮಾಡಿದ ಕಾಲೇಜುಗಳಿಗೆ ಮೀಸಲಾದವು. ಬರುವ ಶರತ್ಕಾಲದ ಆಟವೇ ವೆಲ್ಡನ್ನಿನ ಜೊತೆ ಕೊನೆಯದು. ಫುಟ್‌ಬಾಲ್ ಅಷ್ಟೇ ಅಲ್ಲ, ಬಾಸ್ಕೆಟ್‌ಬಾಲ್, ಓಟ, ಈಜು ಎಲ್ಲವೂ ಹೊಸ ಒಕ್ಕೂಟದ ಹಿಂದೆ ಹೋದವು. ಅಲ್ವೀನಾ ಒಳಗೆ ಬಂದು ಕಟ್ಟೆಯನ್ನು ನೋಡಿದಳು. ಅದು ಖಾಲಿ ವರ್ಷ. ಡೆಲ್ಬರ್ಟನಿಗೆ ಫೋನು ಮಾಡಿದಳು.

"ಸುದ್ದಿ ಬಂತು" ಎಂದ ಅವನು. "ಅಂಗಡೀಲಿ ಎಲ್ಲರ ತಲೆನೂ ಬಿಸಿ. ಕತ್ತರಿ ತಾಗಿಸೋಕೆ ಭಯ ಆಗ್ತಿದೆ."

"ಈ ಸಲ ಯಾರು ಗೆಲ್ತಾರೋ ಪಾತ್ರೆ ಅವರ ಮನೇಲೇ ನಿಂತುಬಿಡುತ್ತೆ. ಲೆಕ್ಕ ಸರಿ ತಾನೇ?"

ಆ ಕಡೆ ಕತ್ತರಿ ಕೆಳಗಿಟ್ಟ ಸದ್ದಾಯಿತು. "ಅಲ್ವೀನಾ, ನಿನ್ನ ತವರಿನ ಪಾತ್ರೆ ಅದು. ನಾಳೇನೇ ತಂದುಕೊಡ್ತೀನಿ."

"ತಂದ್ರೆ ಬಾಗಿಲು ತೆಗೆಯಲ್ಲ. ಆಂಬ್ರೋಸ್ ಪಣಕ್ಕಿಟ್ಟಿದ್ದು. ಬಂದ್ರೆ ಗೆದ್ದು ಬರಬೇಕು."

ಆ ಶನಿವಾರ ಡೆಲ್ಬರ್ಟ್ ಬೆಳಿಗ್ಗೆಯೇ ಬಂದ. ಮರದ ಕೆಳಗಿನ ಜಾಗಕ್ಕೆ ಅವಳು ಹಗ್ಗ ಕಟ್ಟಿಟ್ಟಿದ್ದಳು. ಅವನಿಗೆ ಈಗ ಬೆನ್ನು ನೋವು, ಪಾತ್ರೆಯನ್ನು ನೀಟಾ ಇಳಿಸಿದಳು.

"ಇದೇನು, ಮನೆಗೆ ಹಳದಿ ಬಾವುಟ ಎರಡು ಹಾಕಿದ್ದೀಯ? ಒಂದು ಸೋಲಿಗೆ, ಒಂದು ಗಂಟುಮೂಟೆ ಕಟ್ಟೋಕಾ?" ಎಂದ ಡೆಲ್ಬರ್ಟ್.

"ಒಂದು ನಿನ್ನ ಮೂಗು ಒರೆಸೋಕೆ. ಸಂಜೆ ಬೇಕಾಗುತ್ತೆ."

ಅವರಿಬ್ಬರೂ ಆಟಕ್ಕೆ ಹೋದರು. ಅಲ್ವೀನಾ ಕಿಟಕಿ ತೆಗೆದಿಟ್ಟು ಬೀರಾಕ್ ತುಂಬಲು ಕೂತಳು. ಬೀರಾಕ್ ಅಂದರೆ ಎಲೆಕೋಸು, ಮಾಂಸ ಒಳಗಿಟ್ಟು ಸುಡುವ ರೊಟ್ಟಿ, ಅವಳ ಕೈಗೆ ನೋಡದೆಯೇ ಬರುತ್ತಿತ್ತು. ಮೊದಲು ಕೂಗು ತನ್ನ ಕಡೆಯದು. ಮಧ್ಯಾಹ್ನ ಕಳೆದಂತೆ ಅದು ತೆಳುವಾಯಿತು. ಕೊನೆಯಲ್ಲಿ ಒಂದು ದೊಡ್ಡ ಮೌನ, ಆ ಮೌನದ ಮೂಲೆಯಿಂದ ಸಣ್ಣದೊಂದು ಗದ್ದಲ. ಮೂಲೆಯಲ್ಲಿ ಕೂರಿಸುವುದು ಹೊರ ಊರಿನವರನ್ನು. ಅವಳು ಕೈ ತೊಳೆದುಕೊಂಡಳು.

ಡೆಲ್ಬರ್ಟ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಬಂದ. ಗೆದ್ದಿದ್ದರೂ ಗೆದ್ದವನ ನಡಿಗೆಯಾಗಿರಲಿಲ್ಲ.

"ಇಬ್ಬರದೂ ಸಾಕು ಈ ಹಟ" ಎಂದಳು ನೀಟಾ. "ಅಲ್ವೀನಾ, ಇಟ್ಕೋ. ನಮಗೇನು, ಮನೇಲಿ ಪಾತ್ರೆ ಇಲ್ವಾ?"

ಅಲ್ವೀನಾ ಪಾತ್ರೆ ತೊಳೆದಳು, ಒಲೆಯ ಮೇಲಿಟ್ಟು ಒಣಗಿಸಿದಳು, ಬಿಸಿ ಇರುವಾಗಲೇ ಒಳಗೂ ಹೊರಗೂ ಎಣ್ಣೆ ಸವರಿದಳು. ಗಾಡಿಯ ತನಕ ತಾನೇ ಹೊತ್ತುಕೊಂಡು ಹೋಗಿ ಸೀಟಿನ ಮೇಲಿಟ್ಟಳು.

"ಸೋಪು ತೋರಿಸಬೇಡ ಇದಕ್ಕೆ" ಎಂದಳು ನೀಟಾಳಿಗೆ. ಡೆಲ್ಬರ್ಟನ ಕಡೆ ತಿರುಗಿ, "ಗಾಡಿ ಹಿಂದೆ ತೆಗೆಯುವಾಗ ಮರ ನೋಡಿಕೋ. ಎರಡು ಸಲ ಗುದ್ದಿದ್ದೀಯ" ಎಂದಳು.

ಮುಂದಿನ ಶರತ್ಕಾಲಕ್ಕೆ ಹೊಸಬರು ಬಂದರು. ವಿಮಾನದಲ್ಲಿ ಬಂದು ಬಾಡಿಗೆ ಕಾರಿನಲ್ಲಿ ಅಂಗಳಕ್ಕಿಳಿದವರು. ಬೀರಾಕ್ ಕೊಟ್ಟರೆ ಥ್ಯಾಂಕ್ಸ್ ಹೇಳಿ ಫೋಟೋ ತೆಗೆದುಕೊಂಡರು. ಅವಳ ಊರಿನ ಹುಡುಗರನ್ನು ಬೈಯಲಿಲ್ಲ, ಅವಳ ಹಳದಿ ಬಾವುಟವನ್ನು ಅಣಕಿಸಲಿಲ್ಲ. ಒಳ್ಳೆಯ ಜನವೇ. ಬೈಯುವಷ್ಟು ಪರಿಚಯವಿರಲಿಲ್ಲ, ಅಷ್ಟೇ. ಮರದ ಕೆಳಗಿನ ಜಾಗದಲ್ಲಿ ಯಾರದೋ ಬಿಳಿ ಕಾರು ನಿಂತಿತು. ಕಟ್ಟೆಯ ಮೇಲೆ ರೊಸೆಲಾ ಒಂದು ದಿನ ಬಿಸ್ಕತ್ತಿನ ಜಾಡಿ ಇಟ್ಟಳು. ಅಲ್ವೀನಾ ಅದನ್ನು ಕಿಟಕಿಯ ಹತ್ತಿರಕ್ಕೆ ಸರಿಸಿದಳು.

ಈಸ್ಟರ್ ಕಳೆದ ಮೇಲೆ ಚರ್ಚಿನ ಅಡುಗೆಮನೆಯಲ್ಲಿ ಹೆಂಗಸರೆಲ್ಲ ಸೇರಿದ್ದರು. ಸಂತೆ ಮೈದಾನದ ಕೊಟ್ಟಿಗೆಯಲ್ಲಿ ಕಾಲೇಜು ಮಕ್ಕಳದೊಂದು ಸ್ಪರ್ಧೆ, ಊಟದ ಜವಾಬ್ದಾರಿ ಇವರದು.

"ಎಂಥ ಸ್ಪರ್ಧೆ?" ಎಂದಳು ಅಲ್ವೀನಾ, ಲಟ್ಟಿಸುತ್ತಲೇ.

"ಕುರಿ, ಹಂದಿ, ದನ ತಂದು ನಿಲ್ಲಿಸ್ತಾರೆ" ಎಂದಳು ರೊಸೆಲಾ. "ಯಾವುದು ಉತ್ತಮ, ಯಾವುದು ಕಳಪೆ ಅಂತ ಮಕ್ಕಳು ಹೇಳಬೇಕು, ಯಾಕೆ ಅಂತಾನೂ ಹೇಳಬೇಕು. ಸುತ್ತಮುತ್ತಲ ಕಾಲೇಜೆಲ್ಲ ಬರ್ತಾವೆ. ನಮ್ಮದು, ವೆಲ್ಡನ್ನು..."

ಲಟ್ಟಣಿಗೆ ನಿಂತಿತು. "ವೆಲ್ಡನ್ ಹೇಗೆ ಬರುತ್ತೆ? ಒಕ್ಕೂಟ ಬಿಟ್ಟಾಯ್ತಲ್ಲ."

"ಕುರಿಗಳಿಗೆ ಯಾವ ಒಕ್ಕೂಟನೇ?"

ಅಲ್ವೀನಾ ಹಿಟ್ಟಿನ ಕೈಯಲ್ಲೇ ಚರ್ಚಿನ ಫೋನು ಎತ್ತಿಕೊಂಡಳು.

"ಕುರಿನಾ?" ಎಂದ ಡೆಲ್ಬರ್ಟ್. "ನಾನು ಕ್ಷೌರಿಕ ಕಣಮ್ಮ. ಕುರಿ ಅಂದ್ರೆ ನನಗೆ ಉಣ್ಣೆ ಎಷ್ಟು ಗಿಡ್ಡ ಕತ್ತರಿಸಬೇಕು ಅನ್ನೋದಷ್ಟೇ ಯೋಚನೆ. ಅದೂ ಒಂದು ಆಟನಾ?"

"ನಿಮ್ಮ ಮಕ್ಕಳು, ನಮ್ಮ ಮಕ್ಕಳು. ಗೆಲ್ಲೋರು, ಸೋಲೋರು. ಇನ್ನೇನು ಬೇಕು? ಪಾತ್ರೆ ತುಂಬಿಸಿಕೊಂಡು ಬಾ."

"ಸೋತುಬಿಡ್ತೀನಿ ಅಂತ ಭಯ ಇಲ್ವಾ ನಿನಗೆ?"

"ಸೋತೇ ಕೂತಿದ್ದೀನಲ್ಲ."

ಅವನು ನೀಟಾಳ ಜೊತೆ ಬಂದ, ಕೆಂಪು ಬಾವುಟವನ್ನೂ ತಂದ. ಕೊಟ್ಟಿಗೆಯ ಬಾಗಿಲಲ್ಲಿ ಮೇಲ್ವಿಚಾರಕ ತಡೆದ. "ಬಾವುಟ ಮಡಿಚಿಡಿ ಅಜ್ಜ. ಕುರಿ ಬೆದರ್ತಾವೆ. ಕೂಗೋ ಹಾಗೂ ಇಲ್ಲ." ಹಾಗಾಗಿ ಮೂವರೂ ಹಲಗೆಯ ಮೆಟ್ಟಿಲ ಮೇಲೆ ಚರ್ಚಿನಲ್ಲಿ ಕೂತ ಹಾಗೆ ಕೂತರು, ಪಾತ್ರೆ ಕಾಲ ಬಳಿ. ಕೆಳಗೆ ಮಕ್ಕಳು ಮಾತಿಲ್ಲದೆ ಕುರಿಗಳ ಬೆನ್ನು ಮುಟ್ಟಿ ನೋಡುತ್ತಿದ್ದರು.

"ನಿಮ್ಮ ಹುಡುಗಿ ಆ ಕುರಿಯ ಬಾಲ ಹಿಡಿದು ಕೈ ಕುಲುಕ್ತಿದ್ದಾಳೆ" ಎಂದ ಡೆಲ್ಬರ್ಟ್ ಪಿಸುದನಿಯಲ್ಲಿ.

"ನಿಮ್ಮವನು ಯಾವ ಕಡೆ ತಲೆ ಅಂತ ಹುಡುಕ್ತಿದ್ದಾನೆ."

"ಶ್!" ಎಂದಳು ನೀಟಾ.

ಸಂಜೆ ಫಲಿತಾಂಶ ಓದಿದರು. ಗೆದ್ದದ್ದು ದೂರದ ಇನ್ಯಾವುದೋ ಕಾಲೇಜು. ವೆಲ್ಡನ್ ನಡುವೆ ಎಲ್ಲೋ ಇತ್ತು. ಮಾರ್ಟಿನ್‌ಡೇಲಿನ ಹೆಸರು ಅದರ ಕೆಳಗೆ ಬಂತು.

"ಹೂಂ" ಎಂದಳು ಅಲ್ವೀನಾ. ಪಾತ್ರೆಯಲ್ಲಿ ಉಳಿದಿದ್ದ ಸಾರನ್ನು ಡಬ್ಬಿಗೆ ಬಗ್ಗಿಸಿಕೊಂಡು, ಕೊಟ್ಟಿಗೆಯ ನಲ್ಲಿಯಲ್ಲಿ ಪಾತ್ರೆ ತೊಳೆದು, ಒರೆಸಿ ಡೆಲ್ಬರ್ಟನ ಕೈಗೆ ಕೊಟ್ಟಳು. ಅವನು ಈ ಸಲ ಟೋಪಿ ತೆಗೆಯಲಿಲ್ಲ.

"ಶರತ್ಕಾಲಕ್ಕೆ ನಮ್ಮೂರಲ್ಲಿ ಹಂದಿ ಸ್ಪರ್ಧೆ ಇದೆಯಂತೆ" ಎಂದ. "ವಿಚಾರಿಸಿಕೊಂಡೇ ಬಂದಿದ್ದೀನಿ."

"ಅಂಗಡಿ ಹಿಂದಿನ ಅಂಗಳ ಗುಡಿಸಿಡು" ಎಂದಳು ಅವಳು.

ಕೆಂಪು ಗಾಡಿ ಹೋಯಿತು. ಅಲ್ವೀನಾ ಬೀರಾಕಿನ ಬುಟ್ಟಿ ಎತ್ತಿಕೊಂಡು ಕೊಟ್ಟಿಗೆಯ ಹಿಂದಕ್ಕೆ ನಡೆದಳು. ಅಲ್ಲಿ ಹಳದಿ ಕೋಟಿನ ಮಕ್ಕಳು ವ್ಯಾನಿನ ಮೆಟ್ಟಿಲ ಮೇಲೆ ಮುಖ ಇಳಿಬಿಟ್ಟು ಕೂತಿದ್ದರು. ಒಬ್ಬೊಬ್ಬರ ಕೈಗೂ ಒಂದೊಂದು ಬೀರಾಕ್ ಇಟ್ಟಳು.

"ಯಾರಜ್ಜಿ ನೀವು?" ಎಂದಳು ಬಾಲ ಹಿಡಿದಿದ್ದ ಹುಡುಗಿ, ಬಾಯಿ ತುಂಬ ತುಂಬಿಕೊಂಡು.

"ನಿಮ್ಮ ಕಡೆಯವಳು. ತಿನ್ನಿ, ಇನ್ನೂ ಇದೆ. ಹಂದಿ ನೋಡೋಕೆ ಈಗಿಂದಲೇ ಕಲೀರಿ. ನನ್ನ ಪಾತ್ರೆ ಅಲ್ಲಿ ಕೂತಿದೆ."

ಮಕ್ಕಳಿಗೆ ಏನೂ ಅರ್ಥವಾಗಲಿಲ್ಲ. ಆದರೂ ತಲೆಯಾಡಿಸಿ ಇನ್ನೊಂದೊಂದು ತೆಗೆದುಕೊಂಡರು.