ಸೀತವ್ವನ ಹೆಸರಿಗೆ ಗೆರೆ ಎಳೆಯದ ಹೆಳವ

ಬೆಳಗಿನ ಐದೂವರೆ. ಮುನವಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ಇನ್ನೂ ಅಂಗಳಕ್ಕೆ ನೀರು ಬಿದ್ದಿಲ್ಲ. ಹೆಳವರ ಯಮನಪ್ಪ ತಮ್ಮ ಹಳೇ ಬೈಕು ನಿಲ್ಲಿಸಿ, ದೊಡ್ಡ ಮನೆಯೊಂದರ ಮುಂದೆ ನಿಂತು ಹಿತ್ತಾಳೆ ಗಂಟೆ ಬಾರಿಸುತ್ತಾರೆ. ಆಮೇಲೆ ಶುರು. ಈ ಮನೆತನದ ಮೂಲಪುರುಷ ಯಾರು, ಯಾವ ಊರಿನಿಂದ ಎತ್ತು ಹೊಡೆದುಕೊಂಡು ಬಂದ, ಮಕ್ಕಳೆಷ್ಟು, ಮೊಮ್ಮಕ್ಕಳೆಷ್ಟು ಎಂದು ಹನ್ನೊಂದು ತಲೆಮಾರು ಒಂದೇ ಉಸಿರಿಗೆ ಇಳಿದು ಬರುತ್ತವೆ. ಅರವತ್ಮೂರರ ಗಂಟಲು ಅಂತ ಯಾರಾದರೂ ಅಂದಾರೆಯೇ! ಏಳನೇ ತಲೆಮಾರಿಗೆ ಬಂದು "ಸೀತವ್ವ" ಎನ್ನುತ್ತಲೇ ಒಳಗಿನಿಂದ ಮನೆಯ ಹಿರಿಯ ಶ್ರೀಶೈಲಪ್ಪನ ದನಿ ಸಿಡಿಯುತ್ತದೆ.

"ಯಮನಪ್ಪಾ, ಆಕಿನ್ನ ಬಿಟ್ಟ ಹೇಳು."

"ಬಿಡಾಕ ಬರೂದಿಲ್ರಿ ಧಣೇರ."

ಹಾಗಂದವರೇ ಅದೇ ಹೆಸರನ್ನು ಇನ್ನೊಮ್ಮೆ, ಓಣಿಗೆಲ್ಲ ಕೇಳುವಂತೆ ಹೇಳುತ್ತಾರೆ.

ಮನೆತನಗಳ ವಂಶಾವಳಿ ಬರೆದಿಟ್ಟುಕೊಂಡು ಊರೂರು ತಿರುಗಿ ಹೇಳುವುದು ಹೆಳವರ ಕುಲಕಸುಬು. ಯಮನಪ್ಪನವರ ಪಾಲಿಗೆ ಬಂದದ್ದು ಸವದತ್ತಿ, ಬೈಲಹೊಂಗಲ, ರಾಮದುರ್ಗ ಸೀಮೆಯ ನಲವತ್ತೆರಡು ಹಳ್ಳಿ, ಮುನ್ನೂರಹತ್ತು ಮನೆತನ, ವಂಶ ಬರೆದಿಟ್ಟ ಹದಿನಾಲ್ಕು ಚೋಪಡಿ ಪುಸ್ತಕ. ದಿನಕ್ಕೆ ಆರೇಳು ಮನೆ. ಹೇಳಿದ್ದಕ್ಕೆ ಮೊರದ ತುಂಬ ಜೋಳ. ಎತ್ತಿನ ಬದಲು ಬೈಕು ಬಂದಿದೆ, ಅಷ್ಟೇ ಫರಕು. "ನಮ್ಮ ಮಕ್ಕಳು ಹುಟ್ಟಿದ ತಾರೀಖ ಕೇಳಿದ್ರ ತಲಿ ಕೆರಕೋತಾರ, ಊರವರ ಮುತ್ಯಾನ ಮುತ್ಯಾನ ಹೆಸರ ಕೇಳ್ರಿ, ಪಟಪಟ ಹೇಳತಾರ" ಎಂದು ಹೆಂಡತಿ ಮಾಯವ್ವ ನಗುತ್ತಾರೆ.

ಸೀತವ್ವನ ರಗಳೆ ಎದ್ದದ್ದು ಹೋದ ವರ್ಷ. ಐರ್ಲೆಂಡಿನ ಒಂದು ಊರಿನ ಗ್ರಂಥಾಲಯದಲ್ಲಿ ಶನಿವಾರಕ್ಕೊಮ್ಮೆ ಸೇರಿ ತಂತಮ್ಮ ಹಿರಿಯರನ್ನು ಹುಡುಕುವ ಹವ್ಯಾಸಿಗಳ ಬಳಗವಿದೆ. ಅದರಲ್ಲಿ ನೋರಾ ಎಂಬ ಎಪ್ಪತ್ತನಾಲ್ಕರ ನಿವೃತ್ತ ನರ್ಸ್. ಅವರ ಮುತ್ತಜ್ಜಿ ಹುಟ್ಟಿದ್ದು ಈ ಹಳ್ಳಿಯಲ್ಲಿ. ಆಕೆಯ ತಂದೆ ರಸ್ತೆ ಮಾಡಿಸಲು ಬಂದ ಐರಿಶ್ ಓವರ್‌ಸಿಯರ್. ಚರ್ಚಿನ ಕಾಗದದಲ್ಲಿ ತಂದೆಯ ಹೆಸರು, ಊರು, ಇಸವಿ ಎಲ್ಲ ಇತ್ತು. ತಾಯಿಯ ಹೆಸರಿನ ಜಾಗ ಮಾತ್ರ ಖಾಲಿ! ಆರು ವರ್ಷ ಹುಡುಕಿ ಸೋತ ಬಳಗ, ಬೈಲಹೊಂಗಲದ ಇತಿಹಾಸ ಉಪನ್ಯಾಸಕಿ ಅನ್ನಪೂರ್ಣಾ ಅವರಿಗೆ ಬರೆಯಿತು. ಅವರು ಊರು, ಇಸವಿ ಹೇಳಿದ್ದೇ ತಡ, ಯಮನಪ್ಪ ಒಂಬತ್ತನೇ ಚೋಪಡಿ ಬಿಚ್ಚಿದರು. ಸೀತವ್ವ, ರಸ್ತೆ ಸಾಹೇಬನ ಕೂಡ ಬಾಳೇ ಮಾಡಿದಾಕಿ. ಇಬ್ಬರು ಹೆಣ್ಣುಮಕ್ಕಳು. ಇಬ್ಬರನ್ನೂ ಸಾಹೇಬ ಹಡಗು ಹತ್ತಿಸಿಕೊಂಡು ಹೋದ, ಆಕೆಯನ್ನು ಇಲ್ಲೇ ಬಿಟ್ಟ.

"ಹೆಣ್ಣಮಕ್ಕಳ ಹೆಸರು ತವರಮನಿ ಚೋಪಡಿಯೊಳಗ ಬರಿಯೂದಿಲ್ರಿ, ಕೊಟ್ಟ ಮನಿ ಹೆಳವ ಬರ್ಕೋತಾನ. ಸಾಹೇಬಗ ಎಲ್ಲಿ ಹೆಳವ? ಹಿಂಗಾಗಿ ನಮ್ಮ ಮುತ್ಯಾನ ಅಪ್ಪ ಆಕಿನ್ನ ಇಲ್ಲೇ ಬರದ. ಬರೀದಿದ್ರ ಆಕಿ ಎಲ್ಲೂ ಇರತಿದ್ದಿಲ್ಲ" ಎನ್ನುತ್ತಾರೆ ಯಮನಪ್ಪ. "ಈಗ ಸಾಹೇಬನ ಕಡೀ ಹೆಳವರು ಬಂದಾರ ನೋಡ್ರಿ, ನೂರೈವತ್ತು ವರ್ಷ ತಡಾ ಮಾಡಿ."

ಅನ್ನಪೂರ್ಣಾ ವಿಡಿಯೋ ಕರೆ ಹಚ್ಚಿಕೊಟ್ಟಾಗ ಇಡೀ ಬಳಗ ಕಿವಿ ತೆರೆದು ಕೂತಿತ್ತು. ಯಮನಪ್ಪ ಬಾಯಿ ಬಿಡಲೊಲ್ಲರು! ಕಾಳು ನೀಡದ ಮನೆಗೆ ಮೊದಲ ಸಲ ವಂಶ ಹೇಳುವ ಪದ್ಧತಿಯಿಲ್ಲ. ಕೊನೆಗೆ ನೋರಾ ಅಡಿಗೆಮನೆಯಿಂದ ಓಟ್ಸ್ ತಂದು ಬಟ್ಟಲಿಗೆ ಸುರಿದರು. ಆಮೇಲೆ ಸೀತವ್ವನ ಹೆಸರು ಕೇಳಿ ಅತ್ತರು, ಸೀತವ್ವನ ಕೆಳಗೆ ಮೂವತ್ತೊಂದು ಹೆಸರು ಬರೆಸಿದರು.

ಸುದ್ದಿ ಹಳ್ಳಿಗೆ ಮುಟ್ಟಿದ್ದೇ ಮನೆತನದವರ ಮಾನ ಹೋಯಿತಂತೆ. ನೂರೈವತ್ತು ವರ್ಷ ಹೋಗದ ಮಾನ ಈಗ ಹೋಯಿತು, ಎಂಥಾ ಮಾನವೋ! ಆ ಹೆಸರು ತೆಗೆಯುವ ತನಕ ಕಾಳಿಲ್ಲವೆಂದು ಆ ಮನೆತನದ ಹತ್ತೊಂಬತ್ತು ಮನೆಯವರು ಮಾತಾಡಿಕೊಂಡರು. ಬೇರೆ ಹೆಳವನಿಂದ ಹೊಸ ಚೋಪಡಿ ಬರೆಸುವ ಬೆದರಿಕೆಯೂ ಬಂತು. ಆ ಹತ್ತೊಂಬತ್ತರಲ್ಲಿ ಇದು ಆರನೇ ಮನೆ. ನಿನ್ನೆ ತಿರುಗಿದ ಐದರಲ್ಲಿ ಒಂದು ಹಿಡಿ ಜೋಳ ಬಿದ್ದಿಲ್ಲ.

ಶ್ರೀಶೈಲಪ್ಪ ಪೆನ್ನು ಹಿಡಿದೇ ಕಟ್ಟೆಗೆ ಬರುತ್ತಾನೆ. "ಒಂದ ಗೆರಿ ಎಳಿ. ಎಲ್ಲಾ ಮನಿ ಜೋಳಾ ಇವತ್ತ ನಿನ್ನ ಮನಿ ಮುಟ್ಟತಾವ."

"ಗೆರಿ ಎಳ್ಯಾಕ ಎಷ್ಟೊತ್ತರಿ? ಎಳದ ಮ್ಯಾಲ ನಿಮ್ಮ ಹೆಸರರ ಯಾವ ಬಾಯಿಲೇ ಹೇಳ್ಲಿ?" ಎನ್ನುತ್ತ ಯಮನಪ್ಪ ಕಟ್ಟೆಯ ಮೇಲೆ ಕೂತು ಚೋಪಡಿ ಬಿಚ್ಚುತ್ತಾರೆ. "ಅದಿರಲಿ, ನಿಮ್ಮ ಮನ್ಯಾಗ ಹೋದ ತಿಂಗಳ ಕೂಸ ಹುಟ್ಟೇತಿ ಅಂತ ಕೇಳೇನಿ."

"ಹೆಣ್ಣದು. ಬರಿಯೂದಿಲ್ಲಲ್ಲ ನೀ."

"ಇನ್ನ ಮುಂದ ಬರೀತೇನಿ."

ಬಾಗಿಲ ಮರೆಯಿಂದ ಬಾಣಂತಿ ಸೊಸೆಯ ದನಿ ಬರುತ್ತದೆ: "ರಂಜನಾ ಅಂತ ಇಟ್ಟೇವ್ರಿ. ಬರ್ಕೋರಿ."

ಯಮನಪ್ಪ ನಿಧಾನಕ್ಕೆ, ದುಂಡಗೆ ಬರೆಯುತ್ತಾರೆ. ಶಾಯಿ ಆರಿದ ಮೇಲೆ ಚೋಪಡಿಯನ್ನು ಶ್ರೀಶೈಲಪ್ಪನ ಮುಂದೆ ತಿರುಗಿಸಿ ಇಡುತ್ತಾರೆ.

"ಪೆನ್ನ ನಿಮ್ಮ ಕೈಯಾಗ ಐತಿ ಧಣೇರ. ಎರಡೂ ಹೆಣ್ಣಮಕ್ಕಳ ಹೆಸರ ಅದಾವ. ಯಾವುದಕ್ಕ ಗೆರಿ ಎಳೀತೀರಿ, ಎಳೀರಿ."